ಸೇಬುಗಳನ್ನು ಬರೆದವರು ಯಾರು?

ಈ ಬರಹವನ್ನು ನಾನು ಎರಡು ಸಲ ಬರೆದಿದ್ದೇನೆ. ಮೊದಲ ಕರಡನ್ನು ಮುಗಿಸಿ, ಎರಡು ದಿನ ಬಿಟ್ಟು ಓದಿಕೊಂಡಾಗ, ಬರೆಯುವಾಗ ಗಮನಕ್ಕೇ ಬಾರದಿದ್ದ ಒಂದು ಸಂಗತಿ ಕಣ್ಣಿಗೆ ಬಿತ್ತು. ಜರ್ಮನಿಯ ಕಲಾಸಂಗ್ರಾಹಕ ವಿಲ್ಹೆಲ್ಮ್ ಊಡೆ ಬಂದಲ್ಲೆಲ್ಲ ನಾನು 'ಅವರು ನೋಡಿದರು', 'ಅವರು ಕೊಂಡರು' ಎಂದು ಬರೆದಿದ್ದೆ. ಅವರಿಗಿಂತ ಹತ್ತು ವರ್ಷ ಹಿರಿಯರಾದ, ಈ ಬರಹಕ್ಕೆ ಕಾರಣವೇ ಆದ ಫ್ರಾನ್ಸಿನ ಚಿತ್ರಕಾರ್ತಿ ಸೆರಫೀನ್ ಲೂಯಿ ಬಂದಲ್ಲೆಲ್ಲ 'ಅವಳು ಗುಡಿಸಿದಳು', 'ಅವಳು ಬರೆದಳು' ಎಂದಿತ್ತು. ಯಾರೂ ನನಗೆ ಹಾಗೆ ಬರೆಯಲು ಹೇಳಿರಲಿಲ್ಲ. ಮನೆಗೆಲಸ ಮಾಡುವ ಹೆಂಗಸಿನ ಕಥೆ ಎಂದು ತಿಳಿದ ಕೂಡಲೇ ಕೈ ತಾನಾಗಿ ಏಕವಚನಕ್ಕೆ ಇಳಿದಿತ್ತು. ಕರಡನ್ನು ಹರಿದುಹಾಕಿ ಮತ್ತೆ ಬರೆಯುತ್ತಿದ್ದೇನೆ. ಕ್ರಿಯಾಪದಗಳನ್ನಷ್ಟೇ ತಿದ್ದಿದ್ದರೆ ಸಾಲುತ್ತಿರಲಿಲ್ಲ, ಏಕೆಂದರೆ ಇಡೀ ಕಥೆಯನ್ನೇ ನಾನು ಊಡೆಯವರ ಕಣ್ಣಿನಿಂದ ನೋಡಿ ಬರೆದಿದ್ದೆ.

ಆ ಕಥೆಯನ್ನು ಎಲ್ಲರೂ ಒಂದೇ ಬಗೆಯಲ್ಲಿ ಹೇಳುತ್ತಾರೆ. 1912ರಲ್ಲಿ ಊಡೆ ಪ್ಯಾರಿಸಿನ ಗದ್ದಲದಿಂದ ದೂರವಿರಲೆಂದು ಉತ್ತರಕ್ಕಿರುವ ಸಾಂಲಿಸ್ ಎಂಬ ಹಳೆಯ ಪಟ್ಟಣದಲ್ಲಿ ಬಾಡಿಗೆಗೆ ಬಂದಿರುತ್ತಾರೆ. ಅಷ್ಟರಲ್ಲಿ ಅವರು ಕಲಾವಲಯದಲ್ಲಿ ದೊಡ್ಡ ಹೆಸರು. ಪಿಕಾಸೋ ಮತ್ತು ಬ್ರಾಕ್ ಅವರ ಚಿತ್ರಗಳನ್ನು ಬೇರೆಯವರು ನಗುತ್ತಿದ್ದ ಕಾಲಕ್ಕೇ ಕೊಂಡವರು, ಚಿತ್ರಕಾರ ಆಂರಿ ರೂಸೋ ಕುರಿತು ಮೊದಲ ಪುಸ್ತಕ ಬರೆದವರು. ಒಂದು ದಿನ ಊರಿನ ಪರಿಚಿತರೊಬ್ಬರ ಮನೆಯಲ್ಲಿ ಸೇಬುಗಳ ಸಣ್ಣ ಚಿತ್ರವೊಂದನ್ನು ಕಂಡು ಬೆರಗಾಗಿ, ಬರೆದವರು ಯಾರೆಂದು ಕೇಳುತ್ತಾರೆ. 'ಸೆರಫೀನ್' ಎಂಬ ಉತ್ತರ ಬರುತ್ತದೆ. ದಿನವೂ ಊಡೆಯವರ ಮನೆಯ ನೆಲವನ್ನು ಒರೆಸಿ ಹೋಗುತ್ತಿದ್ದ, ಆಗ ನಲವತ್ತೇಳು ನಲವತ್ತೆಂಟರ ವಯಸ್ಸಿನ ಹೆಂಗಸು.

ಈ ಸನ್ನಿವೇಶ ಎಷ್ಟು ಚೆನ್ನಾಗಿದೆಯೆಂದರೆ ಅದನ್ನು ದಾಟಿ ಮುಂದೆ ಹೋಗುವುದೇ ಕಷ್ಟ. ನನ್ನನ್ನು ಬಹಳ ದಿನ ಕೊರೆದದ್ದು ಅದರ ಇನ್ನೊಂದು ಮಗ್ಗುಲು. ಆ ಸೇಬುಗಳು ಊಡೆಯವರ ಕಣ್ಣಿಗೆ ಬೀಳುವ ಮೊದಲೂ ಆ ಮನೆಯಲ್ಲಿ ಇದ್ದವು. ಸೆರಫೀನ್ ಬರೆಯುತ್ತಾರೆಂದು ಆ ಮನೆಯವರಿಗೆ ಗೊತ್ತಿತ್ತು. ಗೊತ್ತಿದ್ದೂ ಅದು ಅವರ ಪಾಲಿಗೆ ಒಂದು ವಿಷಯವಾಗಿರಲಿಲ್ಲ.

ಜಗಲಿಯ ಮೇಲೆ ಕುಳಿತವರು

ನನ್ನ ಬಾಲ್ಯದ ರಜೆಗಳು ಸಾಗರದ ಕಡೆಯ ಅಜ್ಜನ ಮನೆಯಲ್ಲಿ ಕಳೆದವು. ಆ ಮನೆಗೆ ಕೆಲಸಕ್ಕೆ ಬರುತ್ತಿದ್ದ ದೀವರ ಹೆಂಗಸೊಬ್ಬರಿದ್ದರು. ಅವರನ್ನು ಮನೆಯ ಹಿರಿಯರಂತೆ ನಾವು ಮಕ್ಕಳೂ ಏಕವಚನದಲ್ಲೇ ಕರೆಯುತ್ತಿದ್ದೆವು. ಒಂದು ವರ್ಷ ಭೂಮಿ ಹುಣ್ಣಿಮೆಗೆ ಎರಡು ದಿನ ಮೊದಲು, ಮಾರನೆಯ ದಿನ ಬೇಗ ಬರಬೇಕೆಂದು ಹೇಳಿ ಬರಲು ಅಜ್ಜಿ ನನ್ನನ್ನು ಅವರ ಮನೆಗೆ ಕಳಿಸಿದರು. ತೋಟ ದಾಟಿ ಹೋದಾಗ ಅವರು ಜಗಲಿಯ ಮೇಲೆ ಕಾಲು ಮಡಚಿ ಕುಳಿತು, ಮಡಿಲಲ್ಲಿ, ಹಬ್ಬದ ದಿನ ಗದ್ದೆಗೆ ಒಯ್ಯುವ ಭೂಮಣ್ಣಿ ಬುಟ್ಟಿಯನ್ನಿಟ್ಟುಕೊಂಡು ಚಿತ್ತಾರ ಬರೆಯುತ್ತಿದ್ದರು. ಸಗಣಿ ಬಳಿದು, ಕೆಮ್ಮಣ್ಣು ಹಚ್ಚಿ ಒಣಗಿಸಿದ ಬುಟ್ಟಿ. ಗರಟೆಯಲ್ಲಿ ಅಕ್ಕಿಹಿಟ್ಟಿನ ಬಿಳಿ. ಕೈಯಲ್ಲಿ ಪುಂಡಿ ನಾರಿನ ಎಳೆ. ಆ ಎಳೆ ಬುಟ್ಟಿಯ ಉಬ್ಬಿನ ಮೇಲೆ ಹರಿಯುವಾಗ ಗೆರೆ ಎಲ್ಲಿಯೂ ದಪ್ಪವಾಗುತ್ತಿರಲಿಲ್ಲ, ಎಲ್ಲಿಯೂ ಕಡಿಯುತ್ತಿರಲಿಲ್ಲ. ನಾನು ಒಂದು ಕ್ಷಣ ಅವರ ಗುರುತು ಹಿಡಿಯಲಿಲ್ಲ. ಕಾರಣ ಹೊಳೆದದ್ದು ಎಷ್ಟೋ ವರ್ಷಗಳ ಮೇಲೆ. ಅವರು ಕುಳಿತದ್ದನ್ನು ನಾನು ನೋಡಿದ್ದು ಅದೇ ಮೊದಲಾಗಿತ್ತು. ನಮ್ಮ ಮನೆಯಲ್ಲಿ ಅವರು ಯಾವಾಗಲೂ ನಿಂತಿರುತ್ತಿದ್ದರು ಅಥವಾ ಬಗ್ಗಿರುತ್ತಿದ್ದರು. 'ನಾಳೆ ಬತ್ತೀನಿ ಅಂತ ಹೇಳು ಅಪ್ಪಿ' ಎಂದು ತಲೆಯೆತ್ತದೆ ಹೇಳಿದರು. ನಾನು ಓಡಿ ಬಂದೆ, ಬರುತ್ತಾರಂತೆ ಎಂದು ಅಜ್ಜಿಗೆ ಹೇಳಿದೆ. ಬುಟ್ಟಿಯ ಮಾತನ್ನು ಹೇಳಲಿಲ್ಲ. ಅದು ಹೇಳಬೇಕಾದ ಸುದ್ದಿಯೆಂದು ನನಗೆ ಅನಿಸಿರಲೇ ಇಲ್ಲ.

ಸಾಂಲಿಸಿನ ಆ ಸೇಬಿನ ಚಿತ್ರವಿದ್ದ ಮನೆಯವರನ್ನು ದೂರಲು ಹೊರಟಾಗಲೆಲ್ಲ ಈ ಜಗಲಿ ನೆನಪಾಗುತ್ತದೆ. ಆದರೂ ಎರಡು ಚಿತ್ರಗಳನ್ನು ಒಂದೇ ಎನ್ನಲಾರೆ. ಸಾಗರದ ಆ ಹೆಂಗಸಿಗೆ ಚಿತ್ತಾರವನ್ನು ಕಲಿಸಿದ ತಾಯಿಯಿದ್ದರು, ಜೊತೆಗೆ ಹಾಡು ಹೇಳುವ ನೆರೆಯವರಿದ್ದರು, ಬರೆದದ್ದಕ್ಕೆ ಗದ್ದೆಯಲ್ಲಿ ಕಾದಿರುವ ಒಂದು ಹಬ್ಬವಿತ್ತು. ಸೆರಫೀನ್‌ಗೆ ಇವು ಯಾವುವೂ ಇರಲಿಲ್ಲ. ಅವರು ಕದ ಹಾಕಿಕೊಂಡು ಒಬ್ಬರೇ ಬರೆದರು.

ಎರಡು ಊರುಗಳ ನಡುವಿನ ಬದುಕು

ಸೆರಫೀನ್ ಹುಟ್ಟಿದ್ದು 1864ರ ಸೆಪ್ಟೆಂಬರ್ 3ರಂದು, ವಾಜ್ ಪ್ರಾಂತ್ಯದ ಆರ್ಸಿ ಎಂಬ ಹಳ್ಳಿಯಲ್ಲಿ. ತಂದೆ ಕೂಲಿಯವರು. ತಾಯಿ ತೀರಿಕೊಂಡಾಗ ಮಗುವಿಗೆ ಒಂದು ವರ್ಷ, ತಂದೆ ತೀರಿಕೊಂಡಾಗ ಏಳು. ಅಕ್ಕನ ಆಸರೆಯಲ್ಲಿ ಬೆಳೆದು, ಕುರಿ ಕಾಯ್ದು, ಹದಿನೇಳರ ಹೊತ್ತಿಗೆ ಕ್ಲೆರ್ಮಾಂ ಪಟ್ಟಣದ ಸನ್ಯಾಸಿನಿಯರ ಮಠಕ್ಕೆ ಕೆಲಸಕ್ಕೆ ಸೇರಿದರು. ಅಲ್ಲಿ ಅವರು ಇದ್ದದ್ದು ಸುಮಾರು ಇಪ್ಪತ್ತು ವರ್ಷ, ಸನ್ಯಾಸಿನಿಯಾಗಿ ಅಲ್ಲ, ಕೆಲಸದವರಾಗಿ. 1901ರ ಸುಮಾರಿಗೆ ಸಾಂಲಿಸಿಗೆ ಬಂದು ಮನೆಮನೆಗಳಲ್ಲಿ ಗುಡಿಸುವ, ಒಗೆಯುವ, ಅಡುಗೆಗೆ ನೆರವಾಗುವ ಕೆಲಸ ಹಿಡಿದರು. ಆ ಹಗಲಿನ ಕೆಲಸಗಳನ್ನು ಅವರು 'ಕಪ್ಪು ಕೆಲಸಗಳು' ಎನ್ನುತ್ತಿದ್ದರು. ನಲವತ್ತರ ಆಸುಪಾಸಿನಲ್ಲಿ ಚಿತ್ರ ಬರೆಯತೊಡಗಿದರು. ಹಾಗೆ ಬರೆಯಲು ತನಗೆ ದೇವದೂತನ ಅಪ್ಪಣೆಯಾಯಿತೆಂದು ನಂಬಿದ್ದರು. ಹಗಲೆಲ್ಲ ದುಡಿದು ಬಂದು ರಾತ್ರಿ ಮೇಣದ ಬತ್ತಿಯ ಬೆಳಕಿನಲ್ಲಿ ಬರೆಯುತ್ತಿದ್ದರು.

ಬಣ್ಣದ ವಿಷಯದಲ್ಲಿ ಅವರು ಗುಟ್ಟು ಬಿಟ್ಟುಕೊಟ್ಟವರಲ್ಲ. ಬಾಗಿಲು ಕಿಟಕಿಗಳಿಗೆ ಬಳಿಯುವ ರಿಪೋಲಿನ್ ಎಂಬ ಹೊಳಪಿನ ಬಣ್ಣವನ್ನು ಬಳಸುತ್ತಿದ್ದರು. ಕಲಾವಿದರ ಕೊಳವೆ ಬಣ್ಣಗಳಿಗೆ ಹೋಲಿಸಿದರೆ ಅದು ಅಗ್ಗ, ಊರಿನ ಅಂಗಡಿಯಲ್ಲೇ ಸಿಗುವಂಥದ್ದು. ಅದಕ್ಕೆ ತಾವೇ ತಯಾರಿಸಿಕೊಂಡ ಏನೇನನ್ನೋ ಬೆರೆಸುತ್ತಿದ್ದರು. ಯಾರೂ ನೋಡದಂತೆ ಬೆರೆಸುತ್ತಿದ್ದುದರಿಂದ ಕಥೆಗಳು ಹುಟ್ಟಿಕೊಂಡವು. ಆ ಊಹೆಗಳನ್ನು ಇಲ್ಲಿ ಬರೆಯಲು ನನಗೆ ಮನಸ್ಸಿಲ್ಲ. ತನ್ನದೆಂದು ಹೇಳಿಕೊಳ್ಳಲು ಬೇರೇನೂ ಇಲ್ಲದಿದ್ದ ಒಬ್ಬರು ಒಂದು ಗುಟ್ಟನ್ನು ಉಳಿಸಿಕೊಂಡರೆಂದರೆ, ಆ ಗುಟ್ಟು ಅವರ ಬಳಿಯೇ ಇರಲಿ.

'ತಾನೇ ಕಲಿತವರು' ಎಂಬ ಮಾತು

ಊಡೆ ಮೆಚ್ಚಿದ ಇನ್ನೂ ಕೆಲವರಿದ್ದರು. ಅಂಚೆ ಇಲಾಖೆಯಲ್ಲಿ ದುಡಿದ ಲೂಯಿ ವಿವಾಂ, ಸರ್ಕಸ್ಸಿನಲ್ಲಿ ಕುಸ್ತಿಯಾಡುತ್ತಿದ್ದ ಕಮೀಯ್ ಬೊಂಬ್ವಾ, ಸಸಿ ಬೆಳೆಸಿ ಮಾರುತ್ತಿದ್ದ ಆಂದ್ರೆ ಬೋಶಾಂ, ಪ್ಯಾರಿಸಿನ ಸುಂಕದ ಕಟ್ಟೆಯಲ್ಲಿ ಕೆಲಸಕ್ಕಿದ್ದ ರೂಸೋ. ಸೆರಫೀನ್ ಸೇರಿದಂತೆ ಇವರೆಲ್ಲರನ್ನೂ ಒಟ್ಟಾಗಿಸಿ, 1920ರ ದಶಕದ ಕೊನೆಯಲ್ಲಿ ಪ್ಯಾರಿಸಿನಲ್ಲಿ 'ಪವಿತ್ರ ಹೃದಯದ ಚಿತ್ರಕಾರರು' ಎಂಬ ಹೆಸರಿನಲ್ಲಿ ಪ್ರದರ್ಶನ ನಡೆಸಿದರು. ಕಲಾಚರಿತ್ರೆಯಲ್ಲಿ ಇವರನ್ನು ಮುಗ್ಧ ಚಿತ್ರಕಾರರು, ತಾವೇ ಕಲಿತವರು ಎಂದು ಕರೆಯುವುದು ರೂಢಿಯಾಯಿತು.

'ತಾನೇ ಕಲಿತವರು' ಎನ್ನುವಾಗ ನಾವು ಹೊಗಳುತ್ತಿದ್ದೇವೆ ಎಂದುಕೊಳ್ಳುತ್ತೇವೆ. ಕಲಾಶಾಲೆಗೆ ಹೋಗಲಿಲ್ಲ ಎಂಬುದಷ್ಟೇ ಅದರ ಅರ್ಥವಾದರೆ ತಕರಾರಿಲ್ಲ. ಆದರೆ ಆ ಮಾತು, ಅವರು ಏನನ್ನೂ ನೋಡದೆ, ಏನನ್ನೂ ಯೋಚಿಸದೆ, ಮರ ಹೂ ಬಿಟ್ಟಂತೆ ಚಿತ್ರ ಬಿಟ್ಟರು ಎಂಬ ನಂಬಿಕೆಗೆ ಬಹಳ ಬೇಗ ಜಾರುತ್ತದೆ. ಸೆರಫೀನ್ ಕುರಿ ಕಾಯುತ್ತಿದ್ದ ವರ್ಷಗಳಲ್ಲಿ ಬೇಲಿಗಳನ್ನೂ ಹೊಲದ ಅಂಚಿನ ಗಿಡಗಳನ್ನೂ ನೋಡಿದವರು. ಮಠದಲ್ಲಿ ಇಪ್ಪತ್ತು ವರ್ಷ ಇದ್ದವರು ಪೂಜಾವೇದಿಕೆಯ ಹೂವಿನ ಅಲಂಕಾರವನ್ನು, ಕಸೂತಿ ಹಾಕಿದ ವಸ್ತ್ರವನ್ನು, ಪ್ರಾರ್ಥನಾ ಪುಸ್ತಕದ ಅಂಚಿನ ಬಳ್ಳಿಯನ್ನು ದಿನದಿನವೂ ಮುಟ್ಟಿ ನೋಡಿರಬೇಕು. ಕೆಲಸದವರು ವಸ್ತುಗಳನ್ನು ನೋಡುವಷ್ಟು ಹತ್ತಿರದಿಂದ ಅವುಗಳ ಒಡೆಯರು ನೋಡುವುದಿಲ್ಲ. ಧೂಳು ಒರೆಸುವವರ ಬೆರಳಿಗೆ ಕೆತ್ತನೆಯ ಪ್ರತಿಯೊಂದು ತಗ್ಗು ಗೊತ್ತಿರುತ್ತದೆ.

ಇನ್ನೂ ಒಂದು ಮಾತನ್ನು ಹೇಳಬೇಕು. ಸಾಂಲಿಸಿನ ನೋತ್ರ್ ದಾಮ್ ಕೆಥೆಡ್ರಲ್ ಹನ್ನೆರಡನೆಯ ಶತಮಾನದ್ದು. ಅದರ ಪಶ್ಚಿಮದ ಮಹಾದ್ವಾರದಲ್ಲಿ ಮೇರಿಯ ಕಿರೀಟಧಾರಣೆಯ ಶಿಲ್ಪವಿದೆ, ಅದರ ಸುತ್ತಲಿನ ಕಮಾನುಗಳಲ್ಲಿ ಏಸುವಿನ ವಂಶವೃಕ್ಷವನ್ನು ಕೆತ್ತಿದ್ದಾರೆ. ಸುತ್ತಿ ಸುತ್ತಿ ಏರುವ ಕಲ್ಲಿನ ಬಳ್ಳಿ, ಅದರ ಒಂದೊಂದು ಸುತ್ತಿನಲ್ಲೂ ಒಬ್ಬೊಬ್ಬ ಕುಳಿತಿರುವ ಪುರುಷ. ಭಕ್ತಿಯಿಂದ ಆ ಊರಿನಲ್ಲಿ ಬದುಕಿದ ಹೆಂಗಸು ಆ ದ್ವಾರದ ಕೆಳಗೆ ಸಾವಿರಾರು ಸಲ ಹಾದು ಹೋಗಿರಬೇಕು. ಎಲೆಯ ನಡುವೆ ಮುಖವಿರುವ ಮರವನ್ನು ಅವರು ಅಲ್ಲಿಯೇ ಕಂಡರು ಎಂದು ಸಾಧಿಸಿ ತೋರಿಸಲು ನನ್ನಿಂದಾಗದು, ಇದು ನನ್ನ ಊಹೆ ಮಾತ್ರ. ಆದರೆ ಆ ದ್ವಾರದ ಕೆಳಗೆ ನಿಂತು ತಲೆಯೆತ್ತಿ ನೋಡಿ, ಅಲ್ಲಿಂದ ನೇರ ಪಕ್ಕದ ಮ್ಯೂಸಿಯಮ್ಮಿಗೆ ಹೋಗಿ ಅವರ ಚಿತ್ರದ ಎದುರು ನಿಂತವರಿಗೆ ಆ ಊಹೆಯನ್ನು ಬಿಡುವುದು ಸುಲಭವಲ್ಲ.

ಎಲೆಗಳು ನಮ್ಮನ್ನು ನೋಡುವ ಬಗೆ

ಶಾಂತಿಯಿ ಪಟ್ಟಣದ ತನಕ ರೈಲು, ಅಲ್ಲಿಂದ ಬಸ್ಸು. ಸಾಂಲಿಸಿನ ಮ್ಯೂಸಿಯಂ ಇರುವುದು ಹಳೆಯ ಬಿಷಪ್ಪರ ಅರಮನೆಯಲ್ಲಿ, ಕೆಥೆಡ್ರಲ್ಲಿನ ಮಗ್ಗುಲಲ್ಲೇ. ಹತ್ತಿರದ ಹಾಲಾತ್ ಕಾಡಿನ ರೋಮನ್ ಕಾಲದ ಗುಡಿಯಲ್ಲಿ ಸಿಕ್ಕ ಹರಕೆಯ ಕಲ್ಲುಗಳೂ ಅಲ್ಲಿವೆ. ವಾಸಿಯಾಗಲೆಂದು ಬೇಡಿಕೊಂಡ ಜನ ಅರ್ಪಿಸಿದ ಕೈ, ಕಾಲು, ಮುಖಗಳು. ಅವುಗಳನ್ನು ನೋಡಿಕೊಂಡು ಸೆರಫೀನ್ ಅವರ ಚಿತ್ರಗಳ ಕೋಣೆಗೆ ಹೋದಾಗ ಒಂದು ಹರಕೆಯಿಂದ ಇನ್ನೊಂದು ಹರಕೆಗೆ ನಡೆದಂತೆ ನನಗೆ ತೋರಿತು.

ಅಚ್ಚಿನಲ್ಲಿ ಅವರ ಚಿತ್ರಗಳನ್ನು ನೋಡಿದ್ದ ನಾನು ಅವು ಹೂವಿನ ಚಿತ್ರಗಳೆಂದು ತಿಳಿದಿದ್ದೆ. ಎದುರು ನಿಂತಾಗ ಹಾಗೆನಿಸಲಿಲ್ಲ. 1928ರ 'ಜೀವವೃಕ್ಷ'ವನ್ನೇ ತೆಗೆದುಕೊಳ್ಳೋಣ. ಅಲ್ಲಿ ದಿಗಂತವಿಲ್ಲ, ನೆರಳಿಲ್ಲ, ದೂರ ಹತ್ತಿರಗಳೆಂಬ ಲೆಕ್ಕವಿಲ್ಲ. ಮರ ಬುಡದಿಂದ ಮೇಲೆದ್ದು ಕ್ಯಾನ್ವಾಸಿನ ಉದ್ದಗಲಕ್ಕೂ ಹಬ್ಬಿ, ಇನ್ನೂ ಜಾಗ ಸಾಲದೆ ಅಂಚಿಗೆ ಒತ್ತುತ್ತಿರುತ್ತದೆ. ದೂರದಿಂದ ಎಲೆಯಾಗಿ ಕಂಡದ್ದು ಹತ್ತಿರ ಹೋದಂತೆ ಹಕ್ಕಿಯ ಗರಿಯಾಗುತ್ತದೆ, ಕಪ್ಪೆಚಿಪ್ಪಾಗುತ್ತದೆ, ರೆಪ್ಪೆಗೂದಲು ಅಂಚಿಗಿರುವ ಕಣ್ಣಾಗುತ್ತದೆ. ಒಂದು ಎಲೆಯಂತೆ ಇನ್ನೊಂದಿಲ್ಲ. ಪ್ರತಿಯೊಂದರ ಮೇಲೂ ಚುಕ್ಕೆ, ಚುಕ್ಕೆಯೊಳಗೆ ಚುಕ್ಕೆ, ಅದರ ಸುತ್ತ ಗೆರೆ. ರಿಪೋಲಿನ್ ಬಣ್ಣದ ಹೊಳಪಿನಿಂದಾಗಿ ನಾವು ಒಂದು ಹೆಜ್ಜೆ ಪಕ್ಕಕ್ಕೆ ಸರಿದರೆ ಬೆಳಕೂ ಸರಿಯುತ್ತದೆ, ಎಲೆಗಳು ಮಿಸುಕಿದಂತಾಗುತ್ತದೆ. ಗಾಳಿಯಿಲ್ಲದ ಮಧ್ಯಾಹ್ನ ಆಲದ ಮರದಲ್ಲಿ ಒಂದೇ ಎಲೆ ಅಲುಗುವುದನ್ನು ನೋಡಿ ಮೈ ಜುಮ್ಮೆಂದವರಿಗೆ ಆ ಅನುಭವ ಎಂಥದ್ದೆಂದು ಗೊತ್ತು.

ಇವರನ್ನು ಪ್ರಕೃತಿಯ ಚಿತ್ರಕಾರರೆಂದು ಕರೆಯುವಾಗ, ಪ್ರಕೃತಿಯನ್ನು ಕಂಡಂತೆ ಬರೆದವರು ಎಂಬ ಅರ್ಥದಲ್ಲಿ ಕರೆಯಲಾಗದು. ಈ ಗಿಡಗಳು ಯಾವ ಸಸ್ಯಶಾಸ್ತ್ರದ ಪುಸ್ತಕದಲ್ಲೂ ಸಿಗುವುದಿಲ್ಲ. ಆದರೆ ಬೆಳೆಯುವುದೆಂದರೇನು, ಚಿಗುರು ಚಿಗುರನ್ನು ನೂಕಿಕೊಂಡು ಮೇಲೆ ಬರುವುದೆಂದರೇನು ಎಂಬುದನ್ನು ಇಷ್ಟು ಹತ್ತಿರದಿಂದ ತಿಳಿದ ಚಿತ್ರಗಳನ್ನು ನಾನು ಬೇರೆಲ್ಲೂ ನೋಡಿಲ್ಲ. ಆ ಬೆಳವಣಿಗೆಯಲ್ಲಿ ಸಂತೋಷದ ಜೊತೆಗೆ ಸ್ವಲ್ಪ ಭಯವೂ ಇದೆ. ನನಗೆ ಅನಿಸುವಂತೆ ಆ ಭಯವೇ ಅವರ ಚಿತ್ರಗಳನ್ನು ಅಲಂಕಾರದ ಮಟ್ಟದಿಂದ ಮೇಲೆತ್ತುತ್ತದೆ.

ಯಾರೂ ನೋಡದ ಹದಿಮೂರು ವರ್ಷ

1914ರ ಆಗಸ್ಟಿನಲ್ಲಿ ಮಹಾಯುದ್ಧ ಶುರುವಾದಾಗ, ಜರ್ಮನ್ ಪ್ರಜೆಯಾದ ಊಡೆ ಎಲ್ಲವನ್ನೂ ಬಿಟ್ಟು ಫ್ರಾನ್ಸಿನಿಂದ ಹೊರಡಬೇಕಾಯಿತು. ಅವರ ಸಂಗ್ರಹವನ್ನು ಫ್ರೆಂಚ್ ಸರ್ಕಾರ ಶತ್ರುವಿನ ಆಸ್ತಿಯೆಂದು ಜಪ್ತಿ ಮಾಡಿ, 1921ರಲ್ಲಿ ಹರಾಜು ಹಾಕಿತು. ಸಾಂಲಿಸಿಗೆ 1914ರ ಸೆಪ್ಟೆಂಬರಿನಲ್ಲಿ ಜರ್ಮನ್ ಸೈನ್ಯ ನುಗ್ಗಿತು. ಒಂದು ಬೀದಿಯ ಮನೆಗಳನ್ನು ಸುಟ್ಟರು, ಮೇಯರ್ ಒಡಾಂ ಅವರನ್ನು ಗುಂಡಿಟ್ಟು ಕೊಂದರು. ಮತ್ತೆ ಊಡೆಯವರ ಕಣ್ಣಿಗೆ ಸೆರಫೀನ್ ಅವರ ಚಿತ್ರಗಳು ಬಿದ್ದದ್ದು 1927ರಲ್ಲಿ, ಸಾಂಲಿಸಿನ ಪುರಭವನದಲ್ಲಿ ಸ್ಥಳೀಯ ಕಲಾವಿದರ ಪ್ರದರ್ಶನ ನಡೆದಾಗ. ಆಗ ಅವರು ಹತ್ತಿರದ ಶಾಂತಿಯಿಯಲ್ಲಿ ವಾಸಕ್ಕಿದ್ದರು.

ಈ ಕಥೆಯನ್ನು ಹೇಳುವವರು 1914ರಿಂದ 1927ಕ್ಕೆ ಒಂದೇ ವಾಕ್ಯದಲ್ಲಿ ಹಾರುತ್ತಾರೆ. ನನ್ನ ಮೊದಲ ಕರಡಿನಲ್ಲಿ ನಾನೂ ಹಾಗೆಯೇ ಹಾರಿದ್ದೆ. ಊಡೆಯವರು ಇಲ್ಲದಿದ್ದರೆ ಕಥೆಯೂ ಇಲ್ಲ ಎಂಬಂತೆ. ಆದರೆ ಮತ್ತೆ ಯೋಚಿಸಿದಾಗ ನನಗೆ ಅತಿ ಮುಖ್ಯವಾಗಿ ಕಾಣುವುದು ಈ ಹದಿಮೂರು ವರ್ಷಗಳೇ. ಒಮ್ಮೆ ಒಬ್ಬರು ಬಂದು, ನೀವು ಬರೆಯುವುದು ದೊಡ್ಡದು ಎಂದು ಹೇಳಿ, ಆಮೇಲೆ ಮಾಯವಾಗುತ್ತಾರೆ. ಐವತ್ತರಿಂದ ಅರವತ್ತಮೂರರ ತನಕ, ಮತ್ತೆ ಕೊಳ್ಳುವವರು ಬಂದಾರೆಂಬ ಯಾವ ಭರವಸೆಯೂ ಇಲ್ಲದೆ, ಹಗಲು ಇತರರ ಬಟ್ಟೆ ಒಗೆದು, ಕೂಲಿಯಲ್ಲಿ ಉಳಿಸಿದ ಹಣದಿಂದ ಬಣ್ಣ ತಂದು ಅವರು ಬರೆದರು. 1927ರಲ್ಲಿ ಊಡೆ ಎದುರಿಗೆ ಕಂಡ ಚಿತ್ರಗಳು 1912ರ ಸೇಬುಗಳಿಗಿಂತ ಎಷ್ಟೋ ಮುಂದೆ ಬಂದಿದ್ದವು. ಆ ಬೆಳವಣಿಗೆಯನ್ನು ಯಾರೂ ಪೋಷಿಸಿರಲಿಲ್ಲ.

ಊಡೆಯವರ ಉಪಕಾರವನ್ನು ಸಣ್ಣದು ಮಾಡುವ ಉದ್ದೇಶ ನನಗಿಲ್ಲ. ಅವರ ಕಣ್ಣಿಲ್ಲದಿದ್ದರೆ ಈ ಚಿತ್ರಗಳಲ್ಲಿ ಹೆಚ್ಚಿನವು ಒಲೆಗೋ ಅಟ್ಟಕ್ಕೋ ಹೋಗಿರುತ್ತಿದ್ದವು. 1927ರ ನಂತರ ಅವರು ಕೊಟ್ಟದ್ದು ಬಹಳ ದೊಡ್ಡದು. ದೊಡ್ಡ ಕ್ಯಾನ್ವಾಸು, ಸಾಕಷ್ಟು ಬಣ್ಣ, ಬೇರೆ ಕೆಲಸಕ್ಕೆ ಹೋಗದೆ ಬರೆಯುವಷ್ಟು ಹಣ. ಎರಡು ಮೀಟರಿನಷ್ಟು ಎತ್ತರದ ಮರಗಳು ಹುಟ್ಟಿದ್ದು ಆ ಮೂರು ನಾಲ್ಕು ವರ್ಷಗಳಲ್ಲಿ. ಒಂದು ಕೋಣೆ, ಹಗಲಿನ ಬೆಳಕು, ಬಿಡುವು ಇಷ್ಟು ಸಿಕ್ಕರೆ ಏನಾಗುತ್ತದೆಂಬುದಕ್ಕೆ ಅವು ಸಾಕ್ಷಿ.

ಮರಳಿ ಕ್ಲೆರ್ಮಾಂ

1930ರಲ್ಲಿ ಆರ್ಥಿಕ ಕುಸಿತದ ಬಿಸಿ ತಟ್ಟಿ, ಊಡೆ ಚಿತ್ರಗಳನ್ನು ಕೊಳ್ಳುವುದನ್ನು ನಿಲ್ಲಿಸಿದರು. ಸೆರಫೀನ್‌ಗೆ ಹಣ ನಿಭಾಯಿಸಲು ಬರಲಿಲ್ಲ, ಸಿಕ್ಕಿದ್ದನ್ನೆಲ್ಲ ಖರ್ಚು ಮಾಡಿದರು ಎಂದು ಬರೆದದ್ದನ್ನು ಹಲವು ಕಡೆ ಓದಿದ್ದೇನೆ. ಐವತ್ತು ವರ್ಷ ಕೂಲಿಯಲ್ಲಿ ಬದುಕಿದ ಹೆಂಗಸಿಗೆ ಹಣದ ಬೆಲೆ ಗೊತ್ತಿರಲಿಲ್ಲ ಎಂಬ ಮಾತನ್ನು ನಾನು ಒಪ್ಪಲಾರೆ. ಆ ಹಣ ಬರುವುದು ನಿಲ್ಲುವುದಿಲ್ಲ ಎಂದು ಅವರು ನಂಬಿದರು. ಅರವತ್ತು ದಾಟಿದ ಮೇಲೆ ಮೊದಲ ಬಾರಿ ಬಯಸಿದ್ದನ್ನು ಕೊಂಡವರ ತಪ್ಪು ಏನಿದ್ದರೂ ಅಷ್ಟೇ.

ಅವರ ಮನಸ್ಸು ಅದಕ್ಕೂ ಮೊದಲೇ ಅಲುಗಾಡುತ್ತಿತ್ತೋ, ಈ ಪೆಟ್ಟಿನಿಂದ ಮುರಿಯಿತೋ ಎಂದು ತೀರ್ಪು ಕೊಡುವುದು ನನ್ನ ಕೆಲಸವಲ್ಲ. 1932ರ ಆರಂಭದಲ್ಲಿ ಅವರನ್ನು ಕ್ಲೆರ್ಮಾಂ ಪಟ್ಟಣದ ದೊಡ್ಡ ಮಾನಸಿಕ ಆಸ್ಪತ್ರೆಗೆ ಸೇರಿಸಿದರು. ಹದಿನೇಳರಿಂದ ಮೂವತ್ತೇಳರ ತನಕ ಮಠದ ನೆಲ ಒರೆಸುತ್ತ ಕಳೆದ ಅದೇ ಕ್ಲೆರ್ಮಾಂ. ಅಲ್ಲಿ ಅವರು ಮತ್ತೆ ಕುಂಚ ಹಿಡಿಯಲಿಲ್ಲ.

ಅವರು 1934ರಲ್ಲಿ ತೀರಿಕೊಂಡರೆಂದು ಊಡೆ ಬರೆದರು. ಬಹುಕಾಲ ಜನ ಅದನ್ನೇ ನಂಬಿದರು. ಆದರೆ ಅವರು ಬದುಕಿದ್ದರು. 1938ರಲ್ಲಿ ಅವರ ಚಿತ್ರಗಳು ನ್ಯೂಯಾರ್ಕಿನ ಗೋಡೆಗಳ ಮೇಲೆ ತೂಗುತ್ತಿದ್ದಾಗ ಬದುಕಿದ್ದರು. ಜರ್ಮನ್ ಆಕ್ರಮಣದ ವರ್ಷಗಳಲ್ಲಿ ಫ್ರಾನ್ಸಿನ ಮಾನಸಿಕ ಆಸ್ಪತ್ರೆಗಳಿಗೆ ಸಿಗುತ್ತಿದ್ದ ಪಡಿತರ ಜೀವ ಉಳಿಸುವಷ್ಟೂ ಇರಲಿಲ್ಲ. ಹಸಿವು, ಚಳಿ, ಅದರ ಬೆನ್ನಿಗೆ ಬಂದ ರೋಗಗಳಿಂದ ಸುಮಾರು 45,000 ರೋಗಿಗಳು ಸತ್ತರೆಂದು ಚರಿತ್ರಕಾರರು ಲೆಕ್ಕ ಹಾಕಿದ್ದಾರೆ. ಆ ವರ್ಷಗಳ ಮಧ್ಯದಲ್ಲಿ, 1942ರ ಡಿಸೆಂಬರ್ 11ರಂದು, ವಿಲೆರ್-ಸು-ಎರ್ಕೆರಿಯಲ್ಲಿದ್ದ ಆಸ್ಪತ್ರೆಯ ಉಪಶಾಖೆಯಲ್ಲಿ ಸೆರಫೀನ್ ತೀರಿಕೊಂಡರು. ವಯಸ್ಸು ಎಪ್ಪತ್ತೆಂಟು. ಸಾಮೂಹಿಕ ಗುಂಡಿಯಲ್ಲಿ ಮಣ್ಣು ಮಾಡಿದರು. ಊಡೆ ಆ ಹೊತ್ತಿಗೆ ದಕ್ಷಿಣ ಫ್ರಾನ್ಸಿನಲ್ಲಿ ಜೀವ ಉಳಿಸಿಕೊಳ್ಳಲು ಅಡಗಿದ್ದರು. ಯುದ್ಧ ಮುಗಿದ 1945ರಲ್ಲಿ ಪ್ಯಾರಿಸಿನಲ್ಲಿ ಅವರು ಸೆರಫೀನ್ ಒಬ್ಬರದೇ ಚಿತ್ರಗಳ ಪ್ರದರ್ಶನ ನಡೆಸಿದರು, ಎರಡು ವರ್ಷಗಳ ನಂತರ ತಾವೂ ಹೋದರು.

ಕೆಳಗಿನ ಅಂಚಿನಲ್ಲಿ

ಸಾಂಲಿಸಿನ ಆ ಕೋಣೆಯಿಂದ ಹೊರಡುವ ಮುನ್ನ ನಾನು ಮತ್ತೊಮ್ಮೆ ಮರದ ಎದುರು ಹೋಗಿ ಬಗ್ಗಿ ಕೆಳಗಿನ ಭಾಗವನ್ನು ನೋಡಿದೆ. ಎಲೆಗಳ ನಡುವೆ ಕಣ್ಣು ಕಳೆದುಹೋಗುವುದರಿಂದ ಅಲ್ಲಿಗೆ ದೃಷ್ಟಿ ತಡವಾಗಿ ಇಳಿಯುತ್ತದೆ. ಸೆರಫೀನ್ ಸಹಿಯನ್ನು ಹೆಚ್ಚಾಗಿ ಕುಂಚದಿಂದ ಬರೆಯುತ್ತಿರಲಿಲ್ಲ, ಚಾಕುವಿನಿಂದ ಗೀರುತ್ತಿದ್ದರು. ಮೇಲಿನ ಬಣ್ಣ ಕಿತ್ತುಬಂದು ಅಡಿಯ ಬೇರೆ ಬಣ್ಣ ಕಾಣುವಂತೆ ಮೂಡುವ ಅಕ್ಷರಗಳು. ಬಣ್ಣ ಮಾಸಿದರೂ ಅದು ಮಾಸುವುದಿಲ್ಲ, ಏಕೆಂದರೆ ಅದು ಬಣ್ಣವೇ ಅಲ್ಲ, ಬಣ್ಣ ತೆಗೆದ ಜಾಗ. ತನ್ನನ್ನು ತಾನು 'ಸಾಟಿಯಿಲ್ಲದವಳು' ಎಂದು ಕರೆದುಕೊಂಡಿದ್ದ ಹೆಂಗಸಿನ ಗೀರು ಅದು. ಊರಿನವರು ಆ ಮಾತನ್ನು ಹುಚ್ಚೆಂದುಕೊಂಡಿರಬಹುದು, ನನಗೆ ಅದು ಸರಿಯಾದ ವರದಿಯಂತೆ ಕಾಣುತ್ತದೆ.

ಆ ಸಹಿಗಳನ್ನು ಪರಿಶೀಲಿಸಿದವರು ಇನ್ನೊಂದು ಸಂಗತಿಯನ್ನು ಗಮನಿಸಿದ್ದಾರೆ. ಕೆಲವು ಚಿತ್ರಗಳಲ್ಲಿ ಅವರು ಮೊದಲು ಸಹಿ ಹಾಕಿ, ಮರವನ್ನು ಆಮೇಲೆ ಬರೆದಂತಿದೆ.